ಪರಕೀಯ ದಂಡು ಮತ್ತು ನಾಡಿನ ಬಂಡಾಯ: 1800ರ ಒಂದು ದಂಡಯಾತ್ರೆಯ ಪಾಠ

ಶಸ್ತ್ರಬಲದಲ್ಲಿಯೂ ಶಿಸ್ತಿನಲ್ಲಿಯೂ ಮೇಲಾದ ಪರಕೀಯ ಸೈನ್ಯವೊಂದು ತನ್ನದಲ್ಲದ ನಾಡಿನಲ್ಲಿ ಬಂಡಾಯಗಾರರನ್ನು ಹತ್ತಿಕ್ಕಲು ಹೊರಟಾಗ ಪದೇ ಪದೇ ಎಡವುವುದೇಕೆ? ಇತಿಹಾಸದ ವಿದ್ಯಾರ್ಥಿಗಳು ಈ ಪ್ರಶ್ನೆಗೆ ಉತ್ತರವನ್ನು ಸಾಮಾನ್ಯವಾಗಿ ದೂರದೇಶಗಳ ಯುದ್ಧಗಳಲ್ಲಿ ಹುಡುಕುತ್ತಾರೆ. ಆದರೆ ತುಂಗಭದ್ರೆ, ವರದಾ ಮತ್ತು ಮಲಪ್ರಭಾ ನದಿಗಳ ನಡುವಣ ನಮ್ಮ ನೆಲದಲ್ಲಿಯೇ ಇದಕ್ಕೆ ತಕ್ಕ ನಿದರ್ಶನವೊಂದಿದೆ. ಅದು 1800ರಲ್ಲಿ ಇಂಗ್ಲಿಷ್ ಕುಂಪಣಿಯ ಸೈನ್ಯವು ಧೋಂಡಿಯ ವಾಘನನ್ನು ಬೆನ್ನಟ್ಟಿದ ದಂಡಯಾತ್ರೆ.

ಧೋಂಡಿಯನು ಚನ್ನಗಿರಿಯಲ್ಲಿ ಹುಟ್ಟಿದವನು. ಟೀಪುವಿನ ಸೆರೆಯಲ್ಲಿದ್ದ ಈತನು 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಾಗ ಬಿಡುಗಡೆ ಹೊಂದಿ, ಒಡೆಯನಿಲ್ಲದೆ ಚದುರಿಹೋಗಿದ್ದ ಮೈಸೂರಿನ ಕುದುರೆ ಸವಾರರನ್ನು ಕೂಡಿಸಿಕೊಂಡನು. ಅದೇ ವರ್ಷ ಕುಂಪಣಿಯ ಪಡೆಗಳು ಅವನನ್ನು ಬಿದನೂರು ಸೀಮೆಯಿಂದ ಉತ್ತರಕ್ಕೆ ಅಟ್ಟಿದವು. ಮರುವರ್ಷದ ಹೊತ್ತಿಗೆ ಆತನು ಇನ್ನೂ ದೊಡ್ಡ ದಂಡಿನೊಡನೆ ತಲೆಯೆತ್ತಿ, ‘ಉಭಯಲೋಕಾಧೀಶ್ವರ’ನೆಂಬ ಬಿರುದನ್ನು ಧರಿಸಿದನು. ಅವನನ್ನು ಹಿಡಿಯುವ ಹೊಣೆ ಕರ್ನಲ್ ಆರ್ಥರ್ ವೆಲ್ಲೆಸ್ಲಿಯ ಪಾಲಿಗೆ ಬಂದಿತು. 1815ರಲ್ಲಿ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ಈತನೇ.

ಪರಕೀಯ ಸೈನ್ಯದ ಮೊದಲನೆಯ ತೊಡಕು ಅನ್ನದ್ದು. ಸವಾರನು ಹೋದಲ್ಲಿ ಮೇವನ್ನೂ ಕಾಳನ್ನೂ ಕಿತ್ತುಕೊಳ್ಳಬಲ್ಲನು. ತೋಪುಗಳನ್ನು ಎಳೆದುಕೊಂಡು ಸಾಗುವ ಕಾಲ್ದಳಕ್ಕೆ ಅದು ಸಾಧ್ಯವಿಲ್ಲ. ಅದರ ಅಕ್ಕಿ, ಮದ್ದು, ಗುಂಡು ಎಲ್ಲವೂ ಎತ್ತುಗಳನ್ನೇ ನಂಬಿ ಬರಬೇಕು. ಎತ್ತು ಸತ್ತರೆ ದಂಡು ನಿಂತಿತು. ಮುಂಗಾರಿನಲ್ಲಿ ನಮ್ಮ ಎರೆನೆಲವು ಹೇಗೆ ಕಾಲನ್ನು ಕಚ್ಚಿ ಹಿಡಿಯುವುದೆಂಬುದನ್ನು ಈ ಭಾಗದ ವಾಚಕರಿಗೆ ವಿವರಿಸಬೇಕಾಗಿಲ್ಲ. ಹರಿಹರದ ಬಳಿ ತುಂಬಿದ ತುಂಗಭದ್ರೆಯು ವೆಲ್ಲೆಸ್ಲಿಯನ್ನು ಕೆಲವು ದಿನ ತಡೆಯಿತು. ಜೂನ್ ಕೊನೆಯ ವಾರದಲ್ಲಿ ನದಿಯನ್ನು ದಾಟಿದ ಅವನ ಸೈನ್ಯವು ಐರಣಿಯನ್ನು ವಶಪಡಿಸಿಕೊಂಡು, 27ರಂದು ರಾಣೆಬೆನ್ನೂರಿನ ಕೋಟೆಗೆ ಲಗ್ಗೆಯಿಟ್ಟು ಗೆದ್ದಿತು. ಆಮೇಲೆ ವರದೆಯನ್ನು ದಾಟಿ ಸವಣೂರಿಗೆ ಸಾಗಿತು. ದವಸಕ್ಕಾಗಿ ಆತನು ಲಂಬಾಣಿ ವರ್ತಕರ ಹೇರೆತ್ತುಗಳನ್ನು ನೆಚ್ಚಿದ್ದನು. ಕೊಂಡ ಸಾಮಗ್ರಿಗೆ ಹಣ ಕೊಡಬೇಕು, ಸುಲಿಗೆ ಮಾಡಿದ ಸಿಪಾಯಿಗೆ ಶಿಕ್ಷೆಯಾಗಬೇಕು ಎಂಬುದು ಅವನ ಕಟ್ಟಳೆ. ಇದು ದಯೆಗಿಂತ ಹೆಚ್ಚಾಗಿ ಲೆಕ್ಕಾಚಾರ. ಹಳ್ಳಿಗರು ಬೆದರಿ ಓಡಿಹೋದರೆ ಸಂತೆಯಿಲ್ಲ, ಸಂತೆಯಿಲ್ಲದಿದ್ದರೆ ದಂಡಿಗೆ ಊಟವಿಲ್ಲ.

ಎರಡನೆಯ ತೊಡಕು ಸುದ್ದಿ ಮತ್ತು ವೇಗಗಳದ್ದು. ಶತ್ರು ಎಲ್ಲಿದ್ದಾನೆಂಬ ವಾರ್ತೆ ತಲುಪುವಷ್ಟರಲ್ಲಿ ಅವನು ಅಲ್ಲಿರುವುದಿಲ್ಲ. ಜೂನ್ 30ರಂದು ಕಿತ್ತೂರಿನ ಸಮೀಪದಲ್ಲಿ ಧೋಂಡಿಯನು ಪೇಶ್ವೆಯ ಪಕ್ಷದ ಧೋಂಡೋಪಂತ ಗೋಖಲೆಯ ಪಡೆಯ ಮೇಲೆ ಬಿದ್ದನು; ಗೋಖಲೆಯು ಹತನಾದನು. ಹೀಗೆ ಓಡುವವನನ್ನು ಕಾಲ್ನಡಿಗೆಯಲ್ಲಿ ಬೆನ್ನಟ್ಟುವುದು ವ್ಯರ್ಥವೆಂದರಿತ ವೆಲ್ಲೆಸ್ಲಿಯು, ಓಡಲಾರದಂಥವುಗಳನ್ನು ಹಿಡಿಯತೊಡಗಿದನು. ಕೋಟೆಗಳು ಓಡಲಾರವು, ಉಗ್ರಾಣಗಳು ಓಡಲಾರವು. ಜುಲೈ 14ರಂದು ಕುಂದಗೋಳ, 26ರಂದು ಡಂಬಳ ಅವನ ಕೈಸೇರಿದವು. 30ರಂದು ಮಲಪ್ರಭೆಯ ದಡದಲ್ಲಿ, ಮನೋಳಿಯ ಎದುರು, ಧೋಂಡಿಯನ ಸಾಮಾನು ಸರಂಜಾಮಿನ ಬೀಡು ನಾಶವಾಯಿತು. ಅನೇಕರು ಹೊಳೆಯ ಪಾಲಾದರು. ತುಂಬಿದ ನದಿಗಳು ದೋಣಿಯುಳ್ಳವನಿಗೆ ಮಿತ್ರರು, ಬರಿಯ ಕುದುರೆಯುಳ್ಳವನಿಗೆ ಶತ್ರುಗಳು ಎಂಬುದನ್ನು ಆತನು ಈ ದಂಡಯಾತ್ರೆಯಲ್ಲಿ ಚೆನ್ನಾಗಿ ಕಂಡುಕೊಂಡನು. ಕೊನೆಗೆ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋನಗಲ್ ಬಳಿ, ನಾಲ್ಕು ಕುದುರೆ ರೆಜಿಮೆಂಟುಗಳನ್ನು ಒಂದೇ ಸಾಲಿನಲ್ಲಿ ನುಗ್ಗಿಸಿದ ಕಾಳಗದಲ್ಲಿ ಧೋಂಡಿಯನು ಮಡಿದನು.

ಆದರೆ ಈ ಜಯಕ್ಕೆ ಕೇವಲ ರಣನೀತಿಯೇ ಕಾರಣವೆನ್ನಲಾಗದು. ಮೂರನೆಯ ತೊಡಕು ಎಲ್ಲಕ್ಕಿಂತ ದೊಡ್ಡದು. ಅದು ಜನರ ಒಲವಿಗೆ ಸಂಬಂಧಿಸಿದ್ದು. ಆ ತೊಡಕು 1800ರಲ್ಲಿ ಕುಂಪಣಿಗೆ ಎದುರಾದದ್ದು ಅತ್ಯಲ್ಪ. ಅಂದು ಈ ಸೀಮೆಯು ಮರಾಠರ ಆಳ್ವಿಕೆಗೆ ಸೇರಿದ್ದಿತು. ಪೇಶ್ವೆಯ ಒಪ್ಪಿಗೆಯನ್ನು ಪಡೆದೇ ಇಂಗ್ಲಿಷರು ಗಡಿಯನ್ನು ದಾಟಿದ್ದರು. ನಿಜಾಮನ ದಂಡೂ ಅವರ ಪಕ್ಷದಲ್ಲಿಯೇ ಇದ್ದಿತು. ಧೋಂಡಿಯನ ಸವಾರರಾದರೋ ಊರುಗಳಿಂದಲೇ ಹೊಟ್ಟೆ ಹೊರೆಯಬೇಕಾಗಿತ್ತು. ಅವನ ಶೌರ್ಯವನ್ನೂ ಕುಂಪಣಿಗೆ ಬಾಗದ ಛಲವನ್ನೂ ಅಲ್ಲಗಳೆಯಬೇಕಾಗಿಲ್ಲ. ಆದರೆ ಕಣಜವನ್ನು ಕಳೆದುಕೊಂಡ ರೈತನು ಅವನನ್ನು ಅಡಗಿಸಿಡುವ ಕಾರಣವಿರಲಿಲ್ಲವೆಂಬುದನ್ನೂ ಮರೆಯಲಾಗದು.

ಎಂಟು ವರ್ಷಗಳ ತರುವಾಯ ಇದೇ ವೆಲ್ಲೆಸ್ಲಿಯು ಪೋರ್ತುಗಲ್ಲಿನಲ್ಲಿ ಇಳಿದಾಗ ಪಾತ್ರಗಳು ಅದಲುಬದಲಾಗಿದ್ದವು. ಅಲ್ಲಿ ಪರಕೀಯ ಸೈನ್ಯವು ಫ್ರೆಂಚರದ್ದು. ಸ್ಪೇನಿನ ಹಳ್ಳಿಗರು ಅವರ ಓಲೆಕಾರರನ್ನು ದಾರಿಯಲ್ಲಿಯೇ ತಡೆದರು. ಒಂದು ಪತ್ರವನ್ನು ಸಾಗಿಸಲು ದೊಡ್ಡ ಸವಾರ ಪಡೆಯೇ ಕಾವಲಿರಬೇಕಾಯಿತು. ಸ್ಪ್ಯಾನಿಷ್ ಭಾಷೆಯಲ್ಲಿ ‘ಕಿರುಯುದ್ಧ’ವೆಂದು ಅರ್ಥವಾಗುವ ‘ಗೆರಿಲ್ಲಾ’ ಎಂಬ ಪದವು ಲೋಕಕ್ಕೆ ಪರಿಚಿತವಾದದ್ದು ಈ ಹೋರಾಟದಿಂದಲೇ. ಸುಲಿಗೆಯಿಂದ ಬದುಕುತ್ತಿದ್ದ ಮಸ್ಸೇನಾನ ಸೈನ್ಯವು 1811ರಲ್ಲಿ ಹಸಿವಿನಿಂದ ಪೋರ್ತುಗಲ್ಲನ್ನು ಬಿಟ್ಟು ಹಿಂದೆಗೆಯಿತು.

ಮರಳಿ ವರದೆಯ ದಡಕ್ಕೆ ಬರೋಣ. 1942ರ ಚಳುವಳಿಯಲ್ಲಿ ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನು ಸರಕಾರದ ಕಚೇರಿ, ಚಾವಡಿಗಳ ಮೇಲೆ ದಾಳಿ ನಡೆಸುವ ತಂಡವನ್ನು ಕಟ್ಟಿದನು. ಆಗ ಇವನ ಬೆನ್ನು ಹತ್ತಿದ್ದು ಪರಕೀಯ ದಂಡಲ್ಲ, ಪರಕೀಯ ಸರಕಾರದ ಪೊಲೀಸರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಸರಕಾರದ ಕಂದಾಯದ ಹಣವನ್ನು ವಶಪಡಿಸಿಕೊಳ್ಳಲು ಹೋದಾಗ, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠರೊಡನೆ ಆತನು ಗುಂಡಿಗೆ ಬಲಿಯಾದನು. ಧೋಂಡಿಯನ ಸಾವಿನೊಡನೆ ಅವನ ದಂಡು ಕರಗಿಹೋಯಿತು. ಮಹಾದೇವಪ್ಪನ ಸಾವಿನಿಂದ ಅವನು ನಂಬಿದ ಚಳುವಳಿಯು ಕರಗಲಿಲ್ಲ. ನಾಲ್ಕೇ ವರ್ಷಗಳಲ್ಲಿ ಆ ಸರಕಾರವೇ ಇಲ್ಲಿಂದ ಹೊರಟಿತು.

ಆದುದರಿಂದ ಇಂಥ ಯುದ್ಧಗಳನ್ನು ಪಾಠ ಹೇಳುವಾಗ ಯಾರು ಎಷ್ಟು ಕದನಗಳನ್ನು ಗೆದ್ದರೆಂಬ ಪಟ್ಟಿಗೆ ನಿಲ್ಲಬಾರದು. ಅನ್ನದ ತೊಡಕನ್ನು ಎತ್ತುಗಳಿಂದಲೂ, ಸುದ್ದಿಯ ತೊಡಕನ್ನು ಹಣದಿಂದಲೂ ಪರಕೀಯ ಸೈನ್ಯವು ಪರಿಹರಿಸಿಕೊಳ್ಳಬಹುದು. ರಾತ್ರಿ ಬಾಗಿಲು ತಟ್ಟಿದವನಿಗೆ ಹಳ್ಳಿಯು ಕದ ತೆರೆಯಿತೇ ಇಲ್ಲವೇ ಎಂಬುದನ್ನು ಮಾತ್ರ ಯಾವ ಸೇನಾಪತಿಯೂ ಆಜ್ಞೆಯಿಂದ ನಿರ್ಣಯಿಸಲಾರನು.