ಹಕ್ಕಿ ಹೆದರುವುದು ಯಾವುದಕ್ಕೆ?

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಭತ್ತದ ಬೆಳೆಗಾರರು ಹಂಗಾಮಿಗೆ ಎರಡು ಸಲ ಹಕ್ಕಿ ಕಾಯಬೇಕು. ಮುಂಗಾರಿನ ಹೊಸ್ತಿಲಲ್ಲಿ ಕೂರಿಗೆಯಿಂದ ಬಿತ್ತಿದ ಕಾಳು ಮೊಳೆಯುವವರೆಗೆ ಒಮ್ಮೆ, ತೆನೆಯಲ್ಲಿ ಹಾಲುಗಾಳು ತುಂಬುವಾಗ ಇನ್ನೊಮ್ಮೆ. ರಾಟವಾಳ, ಗೀಜಗ, ಗಿಳಿಗಳ ಹಿಂಡು ಇಳಿದರೆ ಗದ್ದೆಯಂಚಿನ ತೆನೆ ಬರೀ ಜೊಳ್ಳು. ಬೆಳಗಾವಿಯ ಪೂರ್ವಕ್ಕಿರುವ ಎರೆಹೊಲಗಳಲ್ಲಿ ಜೋಳ ಸೀತನಿಗೆ ಬಂದಾಗಲೂ ಇದೇ ಪಾಡು. ಹಿಂದೆ ಅಟ್ಟದ ಮೇಲೆ ನಿಂತು ಕವಣೆ ಬೀಸುತ್ತ, ಡಬ್ಬಿ ಬಡಿಯುತ್ತ, ಕೂಗು ಹಾಕುತ್ತ ಕಾಯುತ್ತಿದ್ದರು. ಈಗ ಕೂಲಿಗೆ ಜನ ಸಿಗುವುದು ಕಷ್ಟ, ಮಕ್ಕಳು ಶಾಲೆಯಲ್ಲಿರುತ್ತಾರೆ. ಅವರ ಜಾಗಕ್ಕೆ ಮಾರುಕಟ್ಟೆ ಬಂದಿದೆ.

ಹೊಳೆಯುವ ರಿಬ್ಬನ್, ಗ್ಯಾಸ್ ತೋಪು, ಹಸಿರು ಲೇಸರ್, ಡ್ರೋನ್, ಪ್ಲಾಸ್ಟಿಕ್ ಗೂಬೆ, ಅಲ್ಟ್ರಾಸಾನಿಕ್ ಪೆಟ್ಟಿಗೆ, ಕಿಟಕಿಗೆ ಅಂಟಿಸುವ ಮುಳ್ಳುಪಟ್ಟಿ, ಸಿಂಪಡಿಸುವ ದ್ರಾವಣ ಹೀಗೆ ಹಕ್ಕಿ ಓಡಿಸುವ ಸರಕು ಜಗತ್ತಿನ ಎಲ್ಲೆಡೆ ಮಾರಾಟವಾಗುತ್ತಿದೆ. ದ್ರಾಕ್ಷಿ ತೋಟ, ಮೀನಿನ ಹೊಂಡ, ವಿಮಾನ ನಿಲ್ದಾಣ, ಉಗ್ರಾಣ, ಅಪಾರ್ಟ್‌ಮೆಂಟು ಎಲ್ಲವೂ ಇದರ ಗಿರಾಕಿಗಳು. ಇವುಗಳಲ್ಲಿ ಯಾವುದು ಕೊಟ್ಟ ಹಣಕ್ಕೆ ಸಲ್ಲುತ್ತದೆ, ಯಾವುದು ಸಲ್ಲುವುದಿಲ್ಲ ಎಂದು ತಿಳಿಯಬೇಕಾದರೆ ಹಕ್ಕಿಯ ಕಿವಿ, ಕಣ್ಣು, ನಾಲಿಗೆಗಳನ್ನು ಅರಿಯಬೇಕು.

ಕೇಳದ ಸದ್ದು, ಕೇಳುವ ಸದ್ದು

ಅಲ್ಟ್ರಾಸೌಂಡ್ ಎಂದರೆ 20 ಕಿಲೋಹರ್ಟ್ಸ್‌ಗಿಂತ ಮೇಲಿನ, ಮನುಷ್ಯನ ಕಿವಿಗೆ ನಿಲುಕದ ಶಬ್ದ. ಬಾವಲಿಗೆ ಅದು ಕೇಳುತ್ತದೆ, ಇಲಿಗೂ ಕೇಳುತ್ತದೆ. ಆದರೆ ಬಹುತೇಕ ಹಕ್ಕಿಗಳ ಕಿವಿ ಚುರುಕಾಗಿರುವುದು 1ರಿಂದ 4 ಕಿಲೋಹರ್ಟ್ಸ್ ನಡುವೆ. 10 ಕಿಲೋಹರ್ಟ್ಸ್ ದಾಟಿದರೆ ಹೆಚ್ಚಿನವಕ್ಕೆ ಏನೂ ಕೇಳಿಸದು. ‘ನಿಮಗೆ ಕೇಳದು, ಪಾರಿವಾಳ ಮಾತ್ರ ಓಡಿಹೋಗುತ್ತದೆ’ ಎಂದು ಮಾರುವ ಪೆಟ್ಟಿಗೆ ನಿಜಕ್ಕೂ ಇಬ್ಬರಿಗೂ ಕೇಳುವುದಿಲ್ಲ. ಅದಕ್ಕೆ ಹಾಕಿದ ದುಡ್ಡು ದಂಡ.

ಗ್ಯಾಸ್ ತೋಪಿನ ಸದ್ದು ಕೇಳುತ್ತದೆ, ಹಕ್ಕಿ ಬೆದರುತ್ತದೆ. ಆದರೆ ಗೊತ್ತಾದ ಹೊತ್ತಿಗೆ ಒಂದೇ ಕಡೆಯಿಂದ ಸಿಡಿಯುವ ತೋಪು ಯಾರನ್ನೂ ಕೊಲ್ಲುವುದಿಲ್ಲ ಎಂಬುದು ಕೆಲವೇ ದಿನಗಳಲ್ಲಿ ಹಿಂಡಿಗೆ ಮನದಟ್ಟಾಗುತ್ತದೆ. ಅದೇ ಜಾತಿಯ ಹಕ್ಕಿಯ ಆರ್ತಕೂಗನ್ನು ಧ್ವನಿಮುದ್ರಿಸಿ ಕೇಳಿಸಿದರೆ ಪರಿಣಾಮ ಹೆಚ್ಚು ದಿನ ಉಳಿಯುತ್ತದೆ, ಏಕೆಂದರೆ ಆ ಕೂಗಿಗೆ ಹಕ್ಕಿಯ ಲೋಕದಲ್ಲಿ ಅರ್ಥವಿದೆ. ಗಿಳಿಯ ಹಿಂಡಿಗೆ ಗಿಳಿಯ ಕೂಗೇ ಬೇಕು.

ಪಿವಿಸಿ ಕೊಳವೆಯಲ್ಲಿ ಕ್ಯಾಲ್ಸಿಯಂ ಕಾರ್ಬೈಡ್‌ಗೆ ನೀರು ಸೋಕಿಸಿ ಸಿಡಿಸುವ ‘ಕಾರ್ಬೈಡ್ ಗನ್’ ಮಾತ್ರ ಯಾರೂ ಮುಟ್ಟಬಾರದ ವಸ್ತು. ಅದರೊಳಗೆ ಹುಟ್ಟುವುದು ಅಸಿಟಲೀನ್ ಅನಿಲ. ಸಿಡಿಯದಿದ್ದಾಗ ಕೊಳವೆಯೊಳಗೆ ಇಣುಕಿದವರ ಮುಖಕ್ಕೇ ಅದು ಸಿಡಿಯುತ್ತದೆ. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಹಲವಾರು ಮಕ್ಕಳ ಕಣ್ಣಿಗೆ ಪೆಟ್ಟಾದದ್ದು ಹೀಗೆಯೇ.

ಕಣ್ಣು ಕುಕ್ಕುವ ರಿಬ್ಬನ್

ಒಂದು ಮಗ್ಗುಲು ಬೆಳ್ಳಿ, ಇನ್ನೊಂದು ಮಗ್ಗುಲು ಕೆಂಪು, ಬೆರಳಗಲದ ಪ್ಲಾಸ್ಟಿಕ್ ಪಟ್ಟಿ: ಈ ರಿಬ್ಬನ್ ಅಗ್ಗದ ಸಾಧನ, ಆದರೂ ಕೆಲಸ ಮಾಡುತ್ತದೆ. ತೆನೆಗಿಂತ ತುಸು ಮೇಲಕ್ಕೆ, ಗೂಟದಿಂದ ಗೂಟಕ್ಕೆ, ಮೂರು ನಾಲ್ಕು ಸುತ್ತು ತಿರುಚಿ ಕಟ್ಟಬೇಕು. ತಿರುಚಿದ್ದರಿಂದ ಬಿಸಿಲು ಬಿದ್ದಾಗ ಮಿಂಚುಮಿಂಚಾಗಿ ಹೊಳೆಯುತ್ತದೆ. ಗಾಳಿ ಬೀಸಿದಾಗ ಗುಂಯ್‌ಗುಡುತ್ತದೆ. ಕಣ್ಣು, ಕಿವಿ ಎರಡಕ್ಕೂ ಒಟ್ಟಿಗೆ ಕಸಿವಿಸಿ. ಸಾಲುಗಳ ಅಂತರ ಹೆಚ್ಚಾದರೆ ಫಲ ಕಡಿಮೆ. ಮೋಡ ಕವಿದು ಗಾಳಿ ನಿಂತ ದಿನ ಅದು ಬರೀ ಪಟ್ಟಿ. ಲೇಸರ್ ಇದಕ್ಕೆ ತದ್ವಿರುದ್ಧ: ಅದರ ಹಸಿರು ಚುಕ್ಕೆ ಬೆದರಿಸುವುದು ಮುಂಜಾವು, ಮುಸ್ಸಂಜೆಯ ಮಬ್ಬಿನಲ್ಲಿ. ನಡುಹಗಲಿನಲ್ಲಿ ಅದು ಕಾಣಿಸುವುದೇ ಇಲ್ಲ.

ಸಂಕೇಶ್ವರಿ ಮೆಣಸಿನಕಾಯಿ ಏಕೆ ಸೋಲುತ್ತದೆ?

ಖಾರದ ಪುಡಿ ಕದಡಿ ಸಿಂಪಡಿಸಿದರೆ ಹಕ್ಕಿ ಬಾರದೆಂಬ ನಂಬಿಕೆ ಇದೆ. ಮೆಣಸಿನಕಾಯಿಯ ಖಾರ ಕ್ಯಾಪ್ಸೈಸಿನ್ ಎಂಬ ರಾಸಾಯನಿಕದ್ದು. ನಮ್ಮ ನರತುದಿಯ ಟಿಆರ್‌ಪಿವಿ1 ಎಂಬ ಗ್ರಾಹಕಕ್ಕೆ ಅದು ತಗುಲಿದಾಗ ಮಿದುಳಿಗೆ ‘ಉರಿ’ ಎಂಬ ಸುದ್ದಿ ಹೋಗುತ್ತದೆ. ಈ ಗ್ರಾಹಕವನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರು 2021ರ ವೈದ್ಯಕೀಯ ನೊಬೆಲ್ ಹಂಚಿಕೊಂಡರು. ಹಕ್ಕಿಗಳ ಇದೇ ಗ್ರಾಹಕ ಕ್ಯಾಪ್ಸೈಸಿನ್‌ಗೆ ಸ್ಪಂದಿಸುವುದಿಲ್ಲ ಎಂದು ಅವರ ತಂಡ 2002ರಲ್ಲಿ ತೋರಿಸಿತ್ತು. ಹಾಗಾಗಿಯೇ ಗಿಳಿ ಸಂಕೇಶ್ವರಿ ಮೆಣಸಿನಕಾಯಿಯನ್ನೂ ಸಲೀಸಾಗಿ ತಿನ್ನುತ್ತದೆ. ಕಾಡು ಮೆಣಸಿನ ಗಿಡಕ್ಕೂ ಬೇಕಾದದ್ದು ಇದೇ: ಬೀಜ ಜಗಿದು ಹಾಳುಮಾಡುವ ಪ್ರಾಣಿಗೆ ಖಾರ, ನುಂಗಿ ದೂರಕ್ಕೆ ಒಯ್ಯುವ ಹಕ್ಕಿಗೆ ಔತಣ.

ಹಕ್ಕಿಗೆ ‘ಖಾರ’ವಾಗುವ ವಸ್ತು ಬೇರೆಯೇ ಇದೆ. ಮಲ್ಲಿಗೆ ತೈಲದಲ್ಲಿ, ಕಾಂಕಾರ್ಡ್ ದ್ರಾಕ್ಷಿಯಲ್ಲಿ ಇರುವ ಮೀಥೈಲ್ ಆಂತ್ರಾನಿಲೇಟ್ ನಮಗೆ ಪರಿಮಳ, ಮಿಠಾಯಿಗೂ ಹಾಕುತ್ತಾರೆ. ಹಕ್ಕಿಯ ಬಾಯಿ, ಕಣ್ಣು, ಮೂಗುಗಳಲ್ಲಿ ಅದು ಉರಿ ಎಬ್ಬಿಸುತ್ತದೆ. ಬಿಸಿಲಿಗೆ ಬೇಗ ಆರಿಹೋಗುವುದರಿಂದ ಮತ್ತೆ ಮತ್ತೆ ಸಿಂಪಡಿಸಬೇಕೆನ್ನುವುದೇ ತೊಡಕು. ಬೀಜಕ್ಕೆ ಲೇಪಿಸುವ ಆಂತ್ರಾಕ್ವಿನೋನ್‌ನ ದಾರಿ ಬೇರೆ: ತಿಂದ ಹಕ್ಕಿಯ ಹೊಟ್ಟೆ ಕೆಡುತ್ತದೆ, ಮುಂದೆ ಅದು ಅಂಥ ಕಾಳಿನ ಸಹವಾಸ ಬಿಡುತ್ತದೆ.

ಪಾಠ ಕಲಿಯುವ ಹಕ್ಕಿ

ಯಾವ ಸಾಧನವೇ ಆಗಲಿ, ಅದರ ದೊಡ್ಡ ಎದುರಾಳಿ ಹಕ್ಕಿಯ ನೆನಪು. ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಮ್ಯಾಗ್‌ಪೈ ಹಕ್ಕಿಯೊಂದು ಕಟ್ಟಡದ ಮುಳ್ಳುಪಟ್ಟಿಗಳನ್ನೇ ಕಿತ್ತು ತಂದು, ಸುಮಾರು 1,500 ಲೋಹದ ಮುಳ್ಳುಗಳ ಗೂಡು ಕಟ್ಟಿದ್ದನ್ನು ಡಚ್ ಸಂಶೋಧಕರು 2023ರಲ್ಲಿ ವರದಿ ಮಾಡಿದರು. ಮುಳ್ಳು ಆ ಗೂಡಿಗೆ ಕಾವಲಾಗಿರಬೇಕೆಂಬುದು ಅವರ ಊಹೆ. ಅಟ್ಟದ ಮೇಲಿನ ಕಾವಲುಗಾರ ಗೆಲ್ಲುತ್ತಿದ್ದುದು ಅವನು ಜಾಗ, ಸದ್ದು, ಹೊತ್ತು ಬದಲಿಸುತ್ತಿದ್ದುದರಿಂದ. ಯಂತ್ರವನ್ನೂ ಹಾಗೆಯೇ ಬಳಸಬೇಕು.

ಊಟ ಸಿಗುವ ಜಾಗಕ್ಕೆ ಹಕ್ಕಿ ಹೆದರಿದರೂ ಮರಳಿ ಬರುತ್ತದೆ. ಬೆಳಗಾವಿಯ ಸಾಂಬ್ರಾದಂಥ ವಿಮಾನ ನಿಲ್ದಾಣಗಳ ವಿಚಾರದಲ್ಲಿ ಇದು ಪ್ರಾಣದ ಪ್ರಶ್ನೆ. 2009ರಲ್ಲಿ ಹೆಬ್ಬಾತುಗಳು ಬಡಿದು ಎರಡೂ ಎಂಜಿನ್ ಕೆಟ್ಟ ವಿಮಾನ ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ಇಳಿಯಬೇಕಾಯಿತು. ಇಂಥ ಅಪಾಯ ತಡೆಯಲೆಂದೇ ನಮ್ಮ ವಿಮಾನ ನಿಯಮಗಳು ನಿಲ್ದಾಣದ 10 ಕಿಲೋಮೀಟರ್ ತ್ರಿಜ್ಯದೊಳಗೆ ಹಕ್ಕಿಗಳನ್ನು ಸೆಳೆಯುವಂತೆ ಕಸ ಸುರಿಯುವುದನ್ನು, ಪ್ರಾಣಿ ಕಡಿಯುವುದನ್ನು ನಿಷೇಧಿಸಿವೆ. ಬೆಳಗಾವಿ ನಗರದ ಒಂದು ಭಾಗ ಈ ವರ್ತುಲದೊಳಗೇ ಬರುತ್ತದೆ. ರಸ್ತೆಬದಿ ಎಸೆದ ಕೋಳಿ ತ್ಯಾಜ್ಯ ಹದ್ದನ್ನು ಕರೆಯುತ್ತದೆ. ಆ ಹದ್ದನ್ನು ಓಡಿಸಲು ರನ್‌ವೇಯಲ್ಲಿ ಪಟಾಕಿ ಸಿಡಿಸಬೇಕಾಗುತ್ತದೆ.

ಓಡಿಸುವ ಭರದಲ್ಲಿ ಹಕ್ಕಿಯ ಉಪಕಾರವನ್ನೂ ಮರೆಯಬಾರದು. ಕಾಜಾಣ, ಗೊರವಂಕ, ಬೆಳ್ಳಕ್ಕಿಗಳು ಹೊಲದ ಹುಳು ಹೆಕ್ಕುತ್ತವೆ. ಕಡಲೆ ಹೊಲದಲ್ಲಿ ಕಾಯಿಕೊರಕ ಬಿದ್ದಾಗ ಹಕ್ಕಿ ಕೂರಲೆಂದು ಕವಲುಗೋಲು ನೆಡಿ ಎಂದು ಕೃಷಿ ತಜ್ಞರೇ ಹೇಳುತ್ತಾರೆ. 2011ರಿಂದ ವನ್ಯಧಾಮವಾಗಿರುವ ಭೀಮಗಡದ ಅಂಚಿನ ಊರುಗಳಲ್ಲಿ ದಿನವಿಡೀ ತೋಪು ಹಾರಿಸಿದರೆ ಭತ್ತವನ್ನು ಮುಟ್ಟದ ಮಂಗಟ್ಟೆಯೂ ನೆಲೆ ಬಿಡಬೇಕಾದೀತು.

ಆದ್ದರಿಂದ ಹಣ ಹಾಕುವ ಮುನ್ನ ಇಷ್ಟು ನೆನಪಿಡಿ. ಬಾಲ್ಕನಿಯ ಪಾರಿವಾಳಕ್ಕೆ 50 ಮಿಲಿಮೀಟರ್ ಕಣ್ಣಿನ ಬಲೆಯೇ ಸಾಕು, ಹಕ್ಕಿ ಸಿಕ್ಕಿಬೀಳದಂತೆ ಬಿಗಿಯಾಗಿ ಕಟ್ಟಿ. ಕಾಳು ಎರಚುವುದನ್ನು ನಿಲ್ಲಿಸಿ. ಹೊಲದಲ್ಲಿ ಹಾಲುಗಾಳು ಕಟ್ಟುವ ದಿನಗಳಿಗಷ್ಟೇ ರಿಬ್ಬನ್ ಮತ್ತು ಸದ್ದನ್ನು ಬೆರೆಸಿ, ಜಾಗ ಬದಲಿಸುತ್ತ ಬಳಸಿ, ಕೊಯ್ಲಾದ ಮೇಲೆ ಬಿಚ್ಚಿಡಿ. ಅಕ್ಕಪಕ್ಕದವರು ಒಂದೇ ವಾರದಲ್ಲಿ ಬಿತ್ತಿದರೆ ನಷ್ಟ ಎಲ್ಲರಿಗೂ ಹಂಚಿಹೋಗುತ್ತದೆ. ಕಾಳಿಗೆ ವಿಷ ಬೆರೆಸುವ ಯೋಚನೆ ಮಾತ್ರ ಬೇಡ. ನವಿಲು ಸತ್ತರೆ ವನ್ಯಜೀವಿ ಕಾಯ್ದೆಯಡಿ 3ರಿಂದ 7 ವರ್ಷ ಜೈಲು. ಜೈಲಿನ ಭಯವಿಲ್ಲದಿದ್ದರೂ ಅದು ಸಲ್ಲದ ಕೆಲಸ, ಏಕೆಂದರೆ ಇಂದು ತೆನೆ ತಿನ್ನುವ ಎಷ್ಟೋ ಹಕ್ಕಿಗಳು ನಾಳೆ ಮರಿಗಳಿಗಾಗಿ ಅದೇ ಹೊಲದ ಹುಳು ಆರಿಸುತ್ತವೆ.