ನಾಲಿಗೆ ದಪ್ಪವಲ್ಲ, ಮೊದಲು ಕಿವಿ ನೋಡಿ

ಅಂಗನವಾಡಿಯ ಕಿಟಕಿಯ ಮೇಲೆ ಕಾಗೆ ಬಂದು ಕೂತಿತು. ಮೂರು ವರ್ಷದ ಹುಡುಗಿಯೊಬ್ಬಳು ‘ತೀಚಲ್, ತಾದೆ!’ ಎಂದು ಕೂಗಿದಳು. ಕರೆದೊಯ್ಯಲು ಬಂದಿದ್ದ ಅಜ್ಜಿ ಮುಜುಗರಪಟ್ಟು, ‘ಇವಳ ನಾಲಿಗೆ ಸ್ವಲ್ಪ ದಪ್ಪ, ಬಜೆ ತೇದು ಹಚ್ತಾ ಇದೀವಿ’ ಎಂದರು.

ಈ ‘ನಾಲಿಗೆ ದಪ್ಪ’ ಎಂಬ ಮಾತನ್ನು ನಾವು ಬಿಡಬೇಕು. ಕ, ಗ ಹೊರಡಲು ನಾಲಿಗೆಯ ಹಿಂಭಾಗ ಮೇಲೆದ್ದು ಅಂಗುಳಕ್ಕೆ ತಾಗಬೇಕು. ಎಳೆಯ ಮಕ್ಕಳಿಗೆ ತುದಿನಾಲಿಗೆ ಎತ್ತುವುದೇ ಸುಲಭ. ಹಾಗಾಗಿ ಕ ಎಂಬುದು ತ ಆಗುತ್ತದೆ, ಗ ಎಂಬುದು ದ ಆಗುತ್ತದೆ. ನಾಲ್ಕು ವರ್ಷದ ಹೊತ್ತಿಗೆ ಹೆಚ್ಚಿನ ಮಕ್ಕಳಲ್ಲಿ ಇದು ತಾನಾಗಿ ಸರಿಹೋಗುತ್ತದೆ. ರಕಾರಕ್ಕೆ ಇನ್ನೂ ಸಮಯ ಬೇಕು. ಬಜೆ ಇದನ್ನು ಬೇಗ ಮಾಡುವುದಿಲ್ಲ. ಒಂದು ವರ್ಷ ತುಂಬದ ಕೂಸಿಗೆ ಅದನ್ನು ಜೇನಿನಲ್ಲಿ ಕಲಸಿ ನೆಕ್ಕಿಸುವುದಂತೂ ಅಪಾಯ. ಜೇನಿನಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆಗರುಳಿನಲ್ಲಿ ಬೆಳೆದು ವಿಷ ಉಂಟುಮಾಡಬಲ್ಲದು.

ನೋಡಬೇಕಾದದ್ದು ಕಿವಿ. ‘ಕರೆದರೆ ತಿರುಗಿ ನೋಡ್ತಾನಲ್ಲ, ಕಿವಿಗೇನಾಗಿದೆ?’ ಎನ್ನುವವರೇ ಹೆಚ್ಚು. ನೆಗಡಿಯಾದಾಗಲೆಲ್ಲ ಕಿವಿತಮಟೆಯ ಹಿಂದೆ ನೀರು ತುಂಬಿಕೊಳ್ಳುವ ಮಗುವಿಗೆ ಒಂದು ವಾರ ಚೆನ್ನಾಗಿ ಕೇಳಿಸಿದರೆ ಮತ್ತೊಂದು ವಾರ ಎಲ್ಲವೂ ಮಬ್ಬು. ಜೋರಾಗಿ ಕೂಗಿದ ಹೆಸರು ಅದಕ್ಕೆ ಕೇಳುತ್ತದೆ. ಸ, ಶ, ತ, ಕ ಮುಂತಾದ ಮೆಲುದನಿಯ ಅಕ್ಷರಗಳು ಜಾರಿಹೋಗುತ್ತವೆ. ಕೇಳದ ಅಕ್ಷರವನ್ನು ಮಗು ನುಡಿಯುವುದಾದರೂ ಹೇಗೆ? ಕಿವಿ ಸೋರುತ್ತಿದ್ದರೆ ಎಣ್ಣೆ ಬಿಡಬೇಡಿ, ವೈದ್ಯರಿಗೆ ತೋರಿಸಿ. ಹುಟ್ಟಿದ ಮಗುವಿಗೂ ನೋವಿಲ್ಲದೆ ಶ್ರವಣ ಪರೀಕ್ಷೆ ಮಾಡಬಹುದು.

‘ಸರಿಯಾಗಿ ಹೇಳು’ ಎಂದು ಹತ್ತು ಸಲ ಹೇಳಿಸಿದರೆ ಕಲಿಯುತ್ತದೆ ಎಂಬುದೂ ತಪ್ಪು. ಆ ದಿನ ಟೀಚರ್ ಮಾಡಿದ್ದು ನನಗೆ ಬಹಳ ಹಿಡಿಸಿತು. ಹುಡುಗಿಯ ಎದುರು ಮಂಡಿಯೂರಿ, ಮುಖಕ್ಕೆ ಮುಖ ಕೊಟ್ಟು, ‘ಹೌದಲ್ಲಾ, ಕಾಗೆ! ಕಾಗೆಗೆ ಹಸಿವಾಗಿದ್ಯಾ? ಕಾಗೆಗೆ ಕಾಳು ಹಾಕೋಣ್ವಾ?’ ಎಂದರು. ತಪ್ಪೆಂದು ಹೇಳಲಿಲ್ಲ, ಮತ್ತೆ ಹೇಳು ಎನ್ನಲಿಲ್ಲ. ಸರಿಯಾದ ಪದ ಮೂರು ಸಲ ಕಿವಿಗೆ ಬಿತ್ತು, ತುಟಿಯ ಚಲನೆ ಕಣ್ಣಿಗೆ ಬಿತ್ತು, ಮಾತೂ ಮುಂದುವರಿಯಿತು. ಇಪ್ಪತ್ತು ಮಕ್ಕಳ ಗದ್ದಲದ ಒಂದೇ ಕೋಣೆಯಲ್ಲಿ ಹೀಗೆ ಹತ್ತಿರ ಕೂತು ಆಡುವ ಎರಡು ನಿಮಿಷದ ಮಾತಿಗೆ ಬೆಲೆ ಕಟ್ಟಲಾಗದು. ಮೊಬೈಲಿನ ಶಿಶುಗೀತೆ ಮಗುವಿಗೆ ತಿರುಗಿ ಉತ್ತರ ಕೊಡುವುದಿಲ್ಲ.

ಮನೆಯಲ್ಲಿ ತುಳುವೋ ಉರ್ದುವೋ ಲಂಬಾಣಿಯೋ, ಅಂಗನವಾಡಿಯಲ್ಲಿ ಕನ್ನಡ. ಇದರಿಂದ ಮಾತು ಕೆಡುವುದಿಲ್ಲ. ಮನೆಮಾತು ನಿಲ್ಲಿಸಿ ಎಂದು ತಾಯಂದಿರಿಗೆ ದಯವಿಟ್ಟು ಹೇಳಬೇಡಿ. ಮಂಡ್ಯದ ಕಡೆಯ ಮಗು ಹಾಲನ್ನು ‘ಆಲು’ ಎಂದರೆ ಅದು ದೋಷವಲ್ಲ, ಅವರ ಮನೆಯ ಕನ್ನಡ.

ಹಾಗೆಂದು ‘ಅವರಪ್ಪನೂ ಐದು ವರ್ಷಕ್ಕೇ ಮಾತಾಡಿದ್ದು’ ಎಂದು ಕಾಯುತ್ತಾ ಕೂರಬಾರದು. ಎರಡು ವರ್ಷದ ಮಗುವಿನ ಮಾತು ಹೊರಗಿನವರಿಗೆ ಸುಮಾರು ಅರ್ಧ, ಮೂರಕ್ಕೆ ಮುಕ್ಕಾಲು, ನಾಲ್ಕಕ್ಕೆ ಬಹುಪಾಲು ತಿಳಿಯಬೇಕು. ಇಲ್ಲವಾದರೆ ವಾಕ್ ಚಿಕಿತ್ಸಕರು ನೋಡಲಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇರುವುದೇ ಇದಕ್ಕಾಗಿ. ಅಷ್ಟು ದೂರ ಹೋಗಲಾಗದವರಿಗೆ ದಾರಿ ಅಂಗನವಾಡಿಯಿಂದಲೇ ಶುರುವಾಗುತ್ತದೆ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ವರ್ಷಕ್ಕೆ ಎರಡು ಸಲ ಅಲ್ಲಿಗೆ ಬರಬೇಕೆಂಬ ನಿಯಮವಿದೆ. ಅವರು ಬಂದಾಗ ಮಗುವಿನ ತೂಕ, ಎತ್ತರ ನೋಡಿಸಿ ಸುಮ್ಮನಾಗಬೇಡಿ. ‘ಇವಳ ಮಾತು ನಮಗೆ ತಿಳಿಯುತ್ತಿಲ್ಲ, ಕಿವಿ ಪರೀಕ್ಷೆಗೆ ಬರೆದುಕೊಡಿ’ ಎಂದು ಕೇಳಿ.