ದೊಡ್ಡ ಕರುಳಿನ ಕ್ಯಾನ್ಸರ್ ಮತ್ತು ಮುಂಜಾಗ್ರತೆಯ ಪರೀಕ್ಷೆ

ದೇಹದ ಬೇರೆ ಯಾವ ಭಾಗದಿಂದ ರಕ್ತ ಬಂದರೂ ಗಾಬರಿಗೊಳ್ಳುವ ನಾವು, ಮಲದೊಡನೆ ರಕ್ತ ಕಂಡಾಗ ಮಾತ್ರ “ಮೂಲವ್ಯಾಧಿ ಇರಬೇಕು, ಉಷ್ಣ ಹೆಚ್ಚಾಗಿದೆ” ಎಂದು ಸಮಾಧಾನ ತಂದುಕೊಳ್ಳುತ್ತೇವೆ. ಮಜ್ಜಿಗೆ ಕುಡಿದು, ಪರಿಚಿತರು ಹೇಳಿದ ಮುಲಾಮು ಹಚ್ಚಿ ತಿಂಗಳುಗಳನ್ನು ಕಳೆಯುತ್ತೇವೆ. ಅನೇಕ ಬಾರಿ ಅದು ಮೂಲವ್ಯಾಧಿಯೇ ಆಗಿರುವುದುಂಟು. ಆದರೆ ದೊಡ್ಡ ಕರುಳಿನ ಹಾಗೂ ಗುದನಾಳದ ಕ್ಯಾನ್ಸರ್ ಕೂಡ ಇದೇ ವೇಷದಲ್ಲಿ ಬರುತ್ತದೆ. ಇದು ಅದಲ್ಲವೆಂದು ಹೇಳಲು ವೈದ್ಯರ ಪರೀಕ್ಷೆಯೇ ಬೇಕು.

ಈ ರೋಗದ ಒಂದು ಸ್ವಭಾವ ನಮಗೆ ಅನುಕೂಲವಾದುದು: ಅದು ಅವಸರದ ರೋಗವಲ್ಲ. ಕರುಳಿನ ಒಳಪದರದಲ್ಲಿ ಮೊದಲು ಪಾಲಿಪ್ ಎಂಬ ಸಣ್ಣ ಗಂಟು ಹುಟ್ಟುತ್ತದೆ. ಎಲ್ಲ ಗಂಟುಗಳೂ ಕೆಡುವುದಿಲ್ಲ. ಕೆಡುವಂಥವು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಆ ಅವಧಿಯಲ್ಲಿ ಗಂಟನ್ನು ಕಂಡುಹಿಡಿದು ತೆಗೆದುಹಾಕಿದರೆ ರೋಗ ಹುಟ್ಟುವುದನ್ನೇ ತಡೆಯಬಹುದು.

ಗಂಟಿನಿಂದ ಒಸರುವ ರಕ್ತ ಕಣ್ಣಿಗೆ ಕಾಣದಷ್ಟು ಅಲ್ಪವಾಗಿರಬಹುದು. ಅದನ್ನು ಮಲದಲ್ಲಿ ಪತ್ತೆಹಚ್ಚುವ ಪರೀಕ್ಷೆಯನ್ನು ಅಮೆರಿಕದ ಮಿನೆಸೋಟದಲ್ಲಿ 46,551 ಮಂದಿಯನ್ನು ಗುಂಪುಗಳಾಗಿ ವಿಂಗಡಿಸಿ ನಡೆಸಲಾಯಿತು. 1993ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪ್ರತಿವರ್ಷ ಪರೀಕ್ಷೆಗೆ ಒಳಗಾದವರ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವುಗಳು ಶೇಕಡಾ 33ರಷ್ಟು ಕಡಿಮೆಯಾಗಿದ್ದವು. ಜಪಾನ್ 1992ರಿಂದಲೇ 40 ವರ್ಷ ದಾಟಿದವರಿಗೆ ಇಂಥ ವಾರ್ಷಿಕ ಪರೀಕ್ಷೆಯನ್ನು ಸಾರ್ವಜನಿಕ ಆರೋಗ್ಯ ಕಾರ್ಯಕ್ರಮದಲ್ಲಿ ಸೇರಿಸಿಕೊಂಡಿತು.

ಜಪಾನಿನ ಪ್ರಸ್ತಾಪ ವಲಸಿಗರಾದ ನಮಗೆ ಇನ್ನೊಂದು ಕಾರಣಕ್ಕೂ ಪ್ರಸ್ತುತ. ಅಲ್ಲಿಂದ ಅಮೆರಿಕಕ್ಕೆ ಹೋಗಿ ನೆಲೆಸಿದವರಲ್ಲಿ ಕರುಳಿನ ಕ್ಯಾನ್ಸರ್ ತಾಯ್ನಾಡಿನವರಿಗಿಂತ ಹೆಚ್ಚಾಗಿ ಕಂಡುಬಂದುದನ್ನು ಸಂಶೋಧಕರು ದಶಕಗಳ ಹಿಂದೆಯೇ ಗುರುತಿಸಿದರು. ರಕ್ತ ಅದೇ; ಬದಲಾದುದು ಊಟ ಮತ್ತು ಜೀವನಕ್ರಮ. ಕುಳಿತು ಮಾಡುವ ಕೆಲಸ, ಬೊಜ್ಜು, ಮದ್ಯ, ತಂಬಾಕು, ಸಂಸ್ಕರಿಸಿದ ಮಾಂಸ ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತವೆ. ಶಾಕಾಹಾರಿಗಳಿಗೆ ಇದು ಬಾರದು ಎಂಬ ನೆಮ್ಮದಿಗೂ ಆಧಾರವಿಲ್ಲ.

ನಮ್ಮ ದೇಶದಲ್ಲಿ ಈ ರೋಗ ಪಾಶ್ಚಾತ್ಯ ದೇಶಗಳಷ್ಟು ವ್ಯಾಪಕವಲ್ಲ. ಸರ್ಕಾರದ ತಪಾಸಣಾ ಕಾರ್ಯಕ್ರಮ ಆರಿಸಿಕೊಂಡಿರುವುದು ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರುಗಳನ್ನು; ಕರುಳಿನದನ್ನಲ್ಲ. ಆದುದರಿಂದ ಯಾರೂ ಬಾಗಿಲಿಗೆ ಬಂದು ನಮ್ಮನ್ನು ಕರೆಯುವುದಿಲ್ಲ, ನಾವೇ ಕೇಳಬೇಕು. ತಂದೆ, ತಾಯಿ, ಒಡಹುಟ್ಟಿದವರಲ್ಲಿ ಯಾರಿಗಾದರೂ ಈ ರೋಗ ಬಂದಿದ್ದರೆ 40ನೆಯ ವಯಸ್ಸಿಗೇ, ಅಥವಾ ಅವರಿಗೆ ಬಂದ ವಯಸ್ಸಿಗಿಂತ ಹತ್ತು ವರ್ಷ ಮೊದಲೇ, ಯಾವುದು ಮುಂಚೆಯೋ ಆಗ, ಪರೀಕ್ಷೆ ಆರಂಭಿಸಬೇಕೆಂಬುದು ತಜ್ಞರ ಸಲಹೆ. ತೊಡಕಿರುವುದು ಇಲ್ಲಿಯೇ. ಊರಿನಲ್ಲಿ ತೀರಿಕೊಂಡ ಹಿರಿಯರ ಬಗ್ಗೆ ನಗರದಲ್ಲಿರುವ ಮಕ್ಕಳಿಗೆ “ಹೊಟ್ಟೆಯಲ್ಲಿ ಗೆಡ್ಡೆಯಾಗಿತ್ತಂತೆ” ಎಂಬುದಕ್ಕಿಂತ ಹೆಚ್ಚು ತಿಳಿದಿರುವುದಿಲ್ಲ. ಮುಂದಿನ ಸಲ ಊರಿಗೆ ಹೋದಾಗ ಚಿಕ್ಕಪ್ಪನನ್ನೋ ಸೋದರತ್ತೆಯನ್ನೋ ಕೇಳಿ, ಹಳೆಯ ಆಸ್ಪತ್ರೆಯ ಚೀಟಿಗಳಿದ್ದರೆ ತಂದು ವೈದ್ಯರಿಗೆ ತೋರಿಸಬೇಕು.

ಸಂಕೋಚವೂ ದೊಡ್ಡ ಅಡ್ಡಿ. ಚಾಳಿನ ಸಾರ್ವಜನಿಕ ಪಾಯಖಾನೆಯಲ್ಲಿ, ಹೊರಗೆ ಸರದಿ ನಿಂತಿರುವಾಗ, ಮಲದ ಬಣ್ಣ ನೋಡುವವರು ಯಾರು? ಮಗನ ಮನೆಗೆ ಬಂದಿರುವ ವೃದ್ಧ ತಾಯಿ ಸೊಸೆಯ ಮುಂದೆ ಇದನ್ನು ಬಾಯಿಬಿಟ್ಟು ಹೇಳಿಯಾರೇ? ಮಲಪ್ರವೃತ್ತಿಯ ಕ್ರಮ ಕೆಲವು ವಾರ ಬದಲಾಗಿಯೇ ಉಳಿದರೆ, ಕಾರಣವಿಲ್ಲದೆ ತೂಕ ಇಳಿದರೆ, ಪುರುಷರಲ್ಲಿ ಅಥವಾ ಮುಟ್ಟು ನಿಂತ ಸ್ತ್ರೀಯರಲ್ಲಿ ರಕ್ತಹೀನತೆ ಕಂಡರೆ ಮನೆಯವರೇ ವಿಚಾರಿಸಬೇಕಾಗುತ್ತದೆ. ಇಂಥ ಲಕ್ಷಣಗಳಿದ್ದವರು ಮಲಪರೀಕ್ಷೆಯೊಂದನ್ನೇ ನಂಬಬಾರದು; ಅದು ಲಕ್ಷಣಗಳಿಲ್ಲದವರಿಗಾಗಿ ಇರುವ ಶೋಧನೆ.

ಮಲಪರೀಕ್ಷೆಯಲ್ಲಿ ರಕ್ತ ಕಂಡುಬಂದರೆ ಅದನ್ನೇ ಮತ್ತೆ ಮಾಡಿಸಿ ಸಮಾಧಾನಪಡುವುದು ಸರಿಯಲ್ಲ. ಮುಂದಿನ ಹೆಜ್ಜೆ ಕೊಲೊನೊಸ್ಕೋಪಿ. ಹಿಂದಿನ ದಿನ ಲಘು ಆಹಾರ, ಬಳಿಕ ಕರುಳನ್ನು ಬರಿದುಮಾಡುವ ಔಷಧಿಯ ನೀರು. ನಿಜವಾದ ಕಷ್ಟ ಇದೇ. ಮರುದಿನ ಮಂಪರಿನ ಔಷಧಿ ಕೊಟ್ಟು ದೀಪ, ಕ್ಯಾಮೆರಾ ಇರುವ ನಳಿಗೆಯಿಂದ ಕರುಳನ್ನು ನೋಡುತ್ತಾರೆ. ಗಂಟು ಕಂಡರೆ ಸಾಮಾನ್ಯವಾಗಿ ಆಗಲೇ ತೆಗೆಯುತ್ತಾರೆ. ರಕ್ತ ತೆಳುವಾಗಿಸುವ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆಗಳನ್ನು ಸೇವಿಸುವವರು ಆ ವಿಷಯವನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ಮನೆಗೆ ಮರಳುವಾಗ ಜೊತೆಗೊಬ್ಬರಿರಬೇಕು.